ಹೆಸರು ಫೋಟೋದ ಕೆಳಗೆ: ಒಂದು ನೊಬೆಲ್, ಹೊರಗುಳಿದ ಹಲವು ಮಹಿಳೆಯರು

2024ರ ಜುಲೈನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯ ರೋಸ್‌ಮೇರಿ ಫೌಲರ್ ಎಂಬುವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆಗ ಅವರಿಗೆ 98 ವರ್ಷ. ಆ ಗೌರವಕ್ಕೆ ಕಾರಣವಾದ ಕೆಲಸ ಅವರು ಮಾಡಿದ್ದು ಮಾತ್ರ 1948ರಲ್ಲಿ, 22ರ ವಯಸ್ಸಿನಲ್ಲಿ, ರೋಸ್‌ಮೇರಿ ಬ್ರೌನ್ ಎಂಬ ಪಿಎಚ್‌ಡಿ ವಿದ್ಯಾರ್ಥಿನಿಯಾಗಿದ್ದಾಗ. ಮೈಕ್ರೋಸ್ಕೋಪಿನಲ್ಲಿ ಒಂದು ಫೋಟೋ ಪ್ಲೇಟ್ ನೋಡುತ್ತಿದ್ದವರಿಗೆ ಅಲ್ಲಿಯವರೆಗೆ ಯಾರೂ ಕಾಣದ ಒಂದು ಗೆರೆ ಕಂಡಿತ್ತು. ಇವತ್ತು ಕೇಯಾನ್ ಎಂದು ಕರೆಯುವ ಕಣದ ಗೆರೆ ಅದು.

ತಡವಾದರೂ ಬಂತಲ್ಲ ಎಂದು ಖುಷಿಪಟ್ಟು ಸುದ್ದಿಯನ್ನು ಅಲ್ಲಿಗೇ ಬಿಡಬಹುದು. ನನಗೆ ಬಿಡಲು ಆಗಲಿಲ್ಲ. ಏಕೆಂದರೆ ರೋಸ್‌ಮೇರಿ ಬಳಸಿದ ಆ ಫೋಟೋ ಪ್ಲೇಟಿನ ಹಿಂದೆ ಇನ್ನೂ ಹಲವು ಹೆಂಗಸರಿದ್ದಾರೆ. ವಿಯೆನ್ನಾದಲ್ಲಿ ಒಬ್ಬರು, ಕೋಲ್ಕತ್ತದಲ್ಲಿ ಒಬ್ಬರು, ಬ್ರಿಸ್ಟಲ್‌ನ ಲ್ಯಾಬಿನಲ್ಲೇ ಒಂದು ಗುಂಪು. ಅದೇ ಪ್ಲೇಟಿನ ವಿಧಾನಕ್ಕೆ, ಅದರಿಂದಾದ ಶೋಧಕ್ಕೆ 1950ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಪಡೆದವರು ಬ್ರಿಸ್ಟಲ್‌ನ ಸೆಸಿಲ್ ಪೊವೆಲ್ ಒಬ್ಬರೇ.

ಮಹಿಳಾ ವಿಜ್ಞಾನಿಗಳ ಮಾತು ಬಂದಾಗ ನಾವು ಸಾಮಾನ್ಯವಾಗಿ ಒಬ್ಬೊಬ್ಬರ ಕಥೆ ಹೇಳುತ್ತೇವೆ. ಡಿಎನ್‌ಎ ವಿಷಯದಲ್ಲಿ ರೋಸಲಿಂಡ್ ಫ್ರಾಂಕ್ಲಿನ್, ಪರಮಾಣು ವಿದಳನದಲ್ಲಿ ಲೀಸ್ ಮೈಟ್ನರ್. ಪ್ರತಿ ಕಥೆಯಲ್ಲೂ ಒಬ್ಬ ಕೆಟ್ಟ ಗಂಡಸು ಸಿಗುತ್ತಾನೆ, ನಾವು ಅವನನ್ನು ಬೈದು ಮುಗಿಸುತ್ತೇವೆ. ಒಂದೇ ಉಪಕರಣದ ಜಾಡು ಹಿಡಿದು ಹೋದರೆ ಚಿತ್ರ ಬೇರೆ ಕಾಣುತ್ತದೆ. ಇಲ್ಲಿ ಯಾರೂ ಯಾರ ಕೆಲಸವನ್ನೂ ಕದ್ದಿಲ್ಲ. ಆದರೂ ಹೆಸರುಗಳು ಒಂದೊಂದಾಗಿ ಜಾರಿಹೋದವು. ಹೇಗೆ ಜಾರಿದವು ಅನ್ನೋದೇ ಇಲ್ಲಿ ಮುಖ್ಯ.

ಮೊದಲು ಪ್ಲೇಟಿನ ವಿಷಯ. ಆಕಾಶದಿಂದ ಸದಾ ಕಣಗಳು ಭೂಮಿಗೆ ಬಂದು ಬೀಳುತ್ತಿರುತ್ತವೆ. ಇವೇ ಕಾಸ್ಮಿಕ್ ಕಿರಣಗಳು. ಗಾಜಿನ ಮೇಲೆ ಬೆಳ್ಳಿಯ ಲವಣದ ಲೇಪ ಹಚ್ಚಿದ ಫೋಟೋ ಪ್ಲೇಟನ್ನು ಕತ್ತಲಲ್ಲಿ ಇಟ್ಟರೂ ಈ ಕಣಗಳು ಅದರೊಳಗೆ ತೂರಿಹೋಗುತ್ತವೆ. ಹಸಿ ಸಗಣಿ ಸಾರಿಸಿದ ಅಂಗಳದಲ್ಲಿ ಕೋಳಿ ನಡೆದರೆ ಹೆಜ್ಜೆ ಉಳಿಯುವ ಹಾಗೆ, ಕಣ ಹೋದ ದಾರಿ ಲೇಪದಲ್ಲಿ ಉಳಿಯುತ್ತದೆ. ಪ್ಲೇಟನ್ನು ಡೆವಲಪ್ ಮಾಡಿದರೆ ಆ ದಾರಿ ಕಪ್ಪು ಚುಕ್ಕೆಗಳ ಸಾಲಾಗಿ ಕಾಣುತ್ತದೆ. ಗೆರೆ ಎಷ್ಟು ಉದ್ದ, ಎಲ್ಲಿ ಬಾಗಿದೆ, ಚುಕ್ಕೆಗಳು ಎಷ್ಟು ಒತ್ತಾಗಿವೆ ಎಂದು ನೋಡಿ ಕಣ ಯಾವುದು, ಎಷ್ಟು ಭಾರ ಎಂದು ಲೆಕ್ಕ ಹಾಕಬಹುದು. ಎತ್ತರಕ್ಕೆ ಹೋದಷ್ಟೂ ಕಣಗಳು ಜಾಸ್ತಿ ಸಿಗುತ್ತವೆ. ಹಾಗಾಗಿ ಪ್ಲೇಟುಗಳನ್ನು ಬೆಟ್ಟದ ತುದಿಗೆ ಒಯ್ದು ತಿಂಗಳುಗಟ್ಟಲೆ ಇಡುತ್ತಿದ್ದರು.

ಕೇಳಲು ಸುಲಭ. ಆದರೆ ಮಾಮೂಲಿ ಫೋಟೋ ಪ್ಲೇಟಿನಲ್ಲಿ ಪ್ರೋಟಾನಿನಂಥ ಕಣದ ಗೆರೆ ಸರಿಯಾಗಿ ಮೂಡುತ್ತಿರಲಿಲ್ಲ. ಅದನ್ನು ಮೂಡಿಸಿದವರು ವಿಯೆನ್ನಾದ ಮರಿಯೆಟ್ಟಾ ಬ್ಲಾವ್. 1894ರಲ್ಲಿ ಹುಟ್ಟಿದ ಯಹೂದಿ ಮಹಿಳೆ. 1923ರಿಂದ ಅಲ್ಲಿನ ರೇಡಿಯಂ ಸಂಶೋಧನಾ ಸಂಸ್ಥೆಯಲ್ಲಿ ಸಂಬಳವಿಲ್ಲದೆ ದುಡಿದರು. ಒಂದು ವಾರ, ಒಂದು ತಿಂಗಳಲ್ಲ, ವರ್ಷಗಟ್ಟಲೆ. ಸಂಬಳದ ಹುದ್ದೆ ಕೇಳಿದಾಗ, ಹೆಂಗಸು, ಅದರ ಮೇಲೆ ಯಹೂದಿ, ಎರಡೂ ಸೇರಿದರೆ ಆಗುವ ಮಾತಲ್ಲ ಎಂದು ಉತ್ತರ ಬಂತಂತೆ. ಲೇಪ ಎಷ್ಟು ದಪ್ಪ ಇರಬೇಕು, ಹೇಗೆ ಡೆವಲಪ್ ಮಾಡಬೇಕು ಎಂದು ಅವರು ಒಂದೊಂದೇ ಪರೀಕ್ಷಿಸುತ್ತಾ ಹೋದರು. ಹರ್ಟಾ ವಾಂಬಾಖರ್ ಎಂಬ ಮತ್ತೊಬ್ಬ ಮಹಿಳೆ ಜೊತೆಯಾದರು. ಇಂಗ್ಲೆಂಡಿನ ಇಲ್ಫರ್ಡ್ ಕಂಪನಿ ಅವರಿಗಾಗಿ ದಪ್ಪ ಲೇಪದ ಪ್ಲೇಟ್ ಮಾಡಿಕೊಟ್ಟಿತು.

1937ರಲ್ಲಿ ಇವರಿಬ್ಬರೂ ಇನ್ಸ್‌ಬ್ರಕ್ ಹತ್ತಿರದ ಹಾಫೆಲೆಕರ್ ಶಿಖರದಲ್ಲಿ, ಸುಮಾರು 2300 ಮೀಟರ್ ಎತ್ತರದಲ್ಲಿ, ಐದು ತಿಂಗಳು ಇಟ್ಟಿದ್ದ ಪ್ಲೇಟುಗಳನ್ನು ತಂದು ನೋಡಿದರು. ಒಂದೇ ಬಿಂದುವಿನಿಂದ ಹಲವು ಗೆರೆಗಳು ನಕ್ಷತ್ರದ ಹಾಗೆ ನಾಲ್ಕೂ ಕಡೆ ಸಿಡಿದಿದ್ದವು. ಒಂದು ಕಾಸ್ಮಿಕ್ ಕಣ ಲೇಪದೊಳಗಿನ ಪರಮಾಣು ಬೀಜವನ್ನು ಹೊಡೆದು ಚೂರು ಮಾಡಿತ್ತು. ಪ್ಲೇಟಿನ ವಿಧಾನ ಏನು ತೋರಿಸಬಲ್ಲದು ಎಂದು ಜಗತ್ತಿಗೆ ಗೊತ್ತಾಗಿದ್ದು ಆಗ.

1938ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿತು. ಬ್ಲಾವ್ ಅಷ್ಟರಲ್ಲೇ ಓಸ್ಲೋಗೆ ಹೊರಟಿದ್ದರು. ಐನ್‌ಸ್ಟೈನ್ ನೆರವಿನಿಂದ ಮೆಕ್ಸಿಕೋದಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಅಲ್ಲಿಗೆ ಹೋಗುವ ದಾರಿಯಲ್ಲಿ ಹ್ಯಾಂಬರ್ಗ್‌ನಲ್ಲಿ ಜರ್ಮನ್ ಅಧಿಕಾರಿಗಳು ಅವರ ಸಂಶೋಧನೆಯ ಕಾಗದಗಳನ್ನೇ ಕಿತ್ತುಕೊಂಡರು. ಮೆಕ್ಸಿಕೋದಲ್ಲಿ ಸಂಶೋಧನೆಗೆ ಬೇಕಾದ ಅನುಕೂಲವಿರಲಿಲ್ಲ. ತಮ್ಮದೇ ವಿಧಾನ ಬೇರೆಯವರ ಕೈಯಲ್ಲಿ ಬೆಳೆಯುತ್ತಿದ್ದಾಗ ಅವರು ಅದರಿಂದ ಸಾವಿರಾರು ಮೈಲಿ ದೂರವಿದ್ದರು. ವಿಯೆನ್ನಾದಲ್ಲಿ ಉಳಿದ ವಾಂಬಾಖರ್ ನಾತ್ಸಿ ಪಕ್ಷದ ಸದಸ್ಯೆ. ಈ ಕಥೆಯಲ್ಲಿ ಹೆಂಗಸರೆಲ್ಲ ಒಂದೇ ಕಡೆ ನಿಂತಿರಲಿಲ್ಲ ಅನ್ನೋದನ್ನೂ ಹೇಳಲೇಬೇಕು.

ಅದೇ 1938ರಲ್ಲಿ ವಾಲ್ಟರ್ ಹೈಟ್ಲರ್ ಎಂಬ ಭೌತವಿಜ್ಞಾನಿ ಬ್ರಿಸ್ಟಲ್‌ನಲ್ಲಿ ಪೊವೆಲ್‌ಗೆ ಈ ವಿಯೆನ್ನಾದ ವಿಧಾನದ ಬಗ್ಗೆ ಹೇಳಿದರು. ಪೊವೆಲ್ ಅದನ್ನು ಕೈಗೆತ್ತಿಕೊಂಡರು.

ಕೋಲ್ಕತ್ತದಲ್ಲೂ ಅದೇ ವರ್ಷ ಈ ಮಾತು ಬಂತು. ಅಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್‌ನಲ್ಲಿ ಹೊರದೇಶದ ವಿಜ್ಞಾನಿಗಳು ಫೋಟೋ ಪ್ಲೇಟಿನ ವಿಷಯ ಚರ್ಚಿಸಿದರು. ಬೋಸ್ ಸಂಸ್ಥೆಯ ದೇವೇಂದ್ರ ಮೋಹನ್ ಬೋಸ್ ಅವರಿಗೆ ಅದು ಹಿಡಿಸಿತು. ಅವರ ಜೊತೆ ಕೆಲಸ ಮಾಡುತ್ತಿದ್ದವರು ಬಿಭಾ ಚೌಧುರಿ. 1913ರಲ್ಲಿ ಹುಟ್ಟಿದವರು, 1936ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮುಗಿಸಿದವರು. ತರಗತಿಯಲ್ಲಿ ಅವರೊಬ್ಬರೇ ಹುಡುಗಿ. ಹೆಂಗಸರಿಗೆ ಕೊಡುವಂಥ ಕೆಲಸ ತಮ್ಮಲ್ಲಿಲ್ಲ ಎಂದು ಬೋಸ್ ಮೊದಲು ಹಿಂದೇಟು ಹಾಕಿದ್ದರಂತೆ. ಬಿಭಾ ಪಟ್ಟು ಬಿಡಲಿಲ್ಲ.

ಮುಂದೆ ಮಾಡಿದ ಕೆಲಸ ನೋಡಿ. ಪ್ಲೇಟುಗಳು ಡಾರ್ಜಿಲಿಂಗ್‌ಗೆ ಹೋದವು, ಅಲ್ಲಿಂದ ಸುಮಾರು 12,000 ಅಡಿ ಎತ್ತರದ ಸಂದಕ್‌ಫುಗೆ, ಟಿಬೆಟ್ಟಿನ ಫಾರಿ ಜೋಂಗ್‌ಗೂ ಹೋದವು. ತಿಂಗಳುಗಟ್ಟಲೆ ಇಟ್ಟು, ತಂದು, ಡೆವಲಪ್ ಮಾಡಿ, ಮೈಕ್ರೋಸ್ಕೋಪಿನಲ್ಲಿ ಗೆರೆ ಗೆರೆಯನ್ನೂ ಅಳೆದರು. ಭಾರವಾದ ಪ್ರೋಟಾನಿನ ಗೆರೆ ಹೆಚ್ಚುಕಮ್ಮಿ ನೇರ ಹೋಗುತ್ತದೆ, ಹಗುರ ಕಣದ್ದು ಅಲ್ಲಲ್ಲಿ ಹೊಯ್ದಾಡುತ್ತದೆ. ಆ ಹೊಯ್ದಾಟ ಅಳೆದರೆ ಕಣದ ತೂಕ ಅಂದಾಜಿಸಬಹುದು. ಹೀಗೆ ಅಳೆದು, ಎಲೆಕ್ಟ್ರಾನಿನ ಸುಮಾರು 200 ಪಟ್ಟು ತೂಕದ ಮೆಸಾನ್ ಕಣಗಳನ್ನು ತಮ್ಮ ಪ್ಲೇಟಿನಲ್ಲಿ ಗುರುತಿಸಿದರು. 1940ರಿಂದ 1942ರವರೆಗೆ ಬೋಸ್ ಮತ್ತು ಚೌಧುರಿ ಹೆಸರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಸಾಲಾಗಿ ಲೇಖನಗಳು ಬಂದವು.

ಆಮೇಲೆ ಏನಾಯಿತು? ಯುದ್ಧ. ಅವರ ಹತ್ತಿರ ಇದ್ದದ್ದು ಇಲ್ಫರ್ಡ್‌ನ ಹಾಫ್‌ಟೋನ್ ಪ್ಲೇಟುಗಳು. ಗೆರೆಗಳು ಅದರಲ್ಲಿ ಅರೆಬರೆ ಮೂಡುತ್ತಿದ್ದವು. ಫುಲ್‌ಟೋನ್ ಪ್ಲೇಟ್ ಬೇಕಿತ್ತು, ಯುದ್ಧದಿಂದಾಗಿ ಅದು ಭಾರತಕ್ಕೆ ಸಿಗಲಿಲ್ಲ. ಕೆಲಸ ಅಲ್ಲಿಗೇ ನಿಂತಿತು. ಬ್ರಿಸ್ಟಲ್‌ಗೆ ಯುದ್ಧ ಮುಗಿದ ಮೇಲೆ ಇಲ್ಫರ್ಡ್‌ನ ಹೊಸ ಸುಧಾರಿತ ಲೇಪ ಕೈಗೆಟುಕಿತು. 1947ರಲ್ಲಿ ಬ್ರಿಸ್ಟಲ್‌ನವರು ಎರಡು ಮೆಸಾನ್‌ಗಳಿವೆ ಎಂದು ತೋರಿಸಿದರು. ಪೈ ಮೆಸಾನ್ ಎಲೆಕ್ಟ್ರಾನಿನ 273 ಪಟ್ಟು, ಅದು ಒಡೆದು ಹುಟ್ಟುವ ಮ್ಯೂಆನ್ 207 ಪಟ್ಟು.

ಬಿಭಾ ಪೈ ಮೆಸಾನನ್ನು ಮೊದಲೇ ಕಂಡುಹಿಡಿದಿದ್ದರು, ನೊಬೆಲ್ ಅವರಿಗೇ ಬರಬೇಕಿತ್ತು ಎಂದು ಅಂತರ್ಜಾಲದಲ್ಲಿ ಈಗ ಬಹಳ ಕಡೆ ಬರೆಯುತ್ತಾರೆ. ನನ್ನ ಪ್ರಕಾರ ಅದು ಜಾಸ್ತಿಯಾಯಿತು. ಅವರ ಪ್ಲೇಟಿನಲ್ಲಿ ಎರಡು ಮೆಸಾನ್‌ಗಳನ್ನು ಬೇರೆ ಮಾಡಿ ನೋಡುವಷ್ಟು ಸ್ಪಷ್ಟತೆ ಇರಲಿಲ್ಲ. ಹೀಗೆ ಹಿಗ್ಗಿಸಿ ಹೇಳಿದರೆ ಅವರಿಗೇ ನಷ್ಟ. ಯಾರಾದರೂ ಅದನ್ನು ತಪ್ಪೆಂದು ತೋರಿಸಿದ ದಿನ, ಅವರು ನಿಜವಾಗಿ ಮಾಡಿದ್ದೂ ಕೊಚ್ಚಿಹೋಗುತ್ತದೆ. ನಿಜ ಇದ್ದದ್ದು ಇದ್ದ ಹಾಗೇ ದೊಡ್ಡದು: ಫೋಟೋ ಪ್ಲೇಟಿನಲ್ಲಿ ಮೆಸಾನನ್ನು ಪ್ರೋಟಾನಿನಿಂದ ಬೇರ್ಪಡಿಸಿ ತೂಗುವ ದಾರಿಯನ್ನು ಅವರು ಬ್ರಿಸ್ಟಲ್‌ಗಿಂತ ವರ್ಷಗಳ ಮುಂಚೆಯೇ ತೋರಿಸಿದ್ದರು. ಪೊವೆಲ್ ಮತ್ತು ಸಂಗಡಿಗರು 1959ರ ತಮ್ಮ ಪುಸ್ತಕದಲ್ಲಿ ಅದನ್ನು ನೆನೆದಿದ್ದಾರೆ. ಪುಸ್ತಕ ಓದಿದವರಿಗೆ ಗೊತ್ತಾಯಿತು, ಉಳಿದವರಿಗೆ ಇಲ್ಲ.

ಬಿಭಾ 1945ರಲ್ಲಿ ಮ್ಯಾಂಚೆಸ್ಟರ್‌ಗೆ, ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ಲ್ಯಾಬಿಗೆ ಹೋದರು. ಕಾಸ್ಮಿಕ್ ಕಣಗಳ ಸುರಿಮಳೆಯ ಮೇಲೆ ಪಿಎಚ್‌ಡಿ ಮಾಡಿದರು. ಭೌತವಿಜ್ಞಾನದಲ್ಲಿ ಹೆಂಗಸರು ಇಷ್ಟು ಕಡಿಮೆ ಇರುವುದು ದುಃಖದ ಸಂಗತಿ ಎಂದು ಅಲ್ಲಿನ ಪತ್ರಿಕೆಯೊಂದಕ್ಕೆ ಹೇಳಿದ್ದರು. 1949ರಲ್ಲಿ ಹೋಮಿ ಭಾಭಾ, ಬಿಭಾ ಅವರನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕರೆಸಿಕೊಂಡರು. ಅಲ್ಲಿನ ಮೊದಲ ಮಹಿಳಾ ಸಂಶೋಧಕಿ ಅವರು. ಆಮೇಲೆ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ.

ನಮ್ಮ ಕೋಲಾರದ ಚಿನ್ನದ ಗಣಿ ಇಲ್ಲಿ ಬರುತ್ತದೆ. ಕಾಸ್ಮಿಕ್ ಕಣಗಳಲ್ಲಿ ತೀರಾ ಬಲವಾದವನ್ನು ಮಾತ್ರ ಹಿಡಿಯಬೇಕಾದರೆ ಬೆಟ್ಟ ಹತ್ತುವುದಕ್ಕೆ ತದ್ವಿರುದ್ಧವಾಗಿ ಭೂಮಿಯೊಳಗೆ ಇಳಿಯಬೇಕು. ಮೇಲಿನ ಬಂಡೆ ಉಳಿದ ಕಣಗಳನ್ನು ತಡೆಯುತ್ತದೆ. ಕೆಜಿಎಫ್‌ನಂಥ ಆಳದ ಗಣಿ ಜಗತ್ತಿನಲ್ಲೇ ಅಪರೂಪವಾಗಿತ್ತು. 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳ (ಯಾವುದಕ್ಕೂ ಸುಲಭಕ್ಕೆ ತಾಗದೆ ತೂರಿಹೋಗುವ ಕಣಗಳ) ಸುಳಿವು ಅಲ್ಲಿ ಸಿಕ್ಕಿದ್ದು ದೊಡ್ಡ ಸಾಧನೆ. ಬಿಭಾ ಅವರೂ ಈ ಗಣಿಯಲ್ಲಿ ಮ್ಯೂಆನ್‌ಗಳ ಪ್ರಯೋಗ ನಡೆಸಿದವರು. ಸಂದಕ್‌ಫು ತುದಿಯಿಂದ ಕೆಜಿಎಫ್ ಆಳದವರೆಗೆ ಒಂದೇ ಬಗೆಯ ಕಣದ ಹಿಂದೆ ಹೋದ ಈ ಹೆಂಗಸಿನ ಹೆಸರು ಕರ್ನಾಟಕದಲ್ಲಿ ಎಷ್ಟು ಜನರಿಗೆ ಗೊತ್ತು?

1991ರಲ್ಲಿ ಅವರು ತೀರಿಕೊಂಡರು. ದೊಡ್ಡ ಪ್ರಶಸ್ತಿ ಯಾವುದೂ ಬರಲಿಲ್ಲ. ದೇಶದ ಪ್ರಮುಖ ವಿಜ್ಞಾನ ಅಕಾಡೆಮಿಗಳ ಫೆಲೋ ಆಗಲಿಲ್ಲ. 2008ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ದೇಶದ ಮಹಿಳಾ ವಿಜ್ಞಾನಿಗಳ ಬಗ್ಗೆಯೇ ಒಂದು ಪುಸ್ತಕ ತಂದಿತು. ಒಳ್ಳೆಯ ಕೆಲಸ. ಅದರಲ್ಲೂ ಬಿಭಾ ಇರಲಿಲ್ಲ. 2018ರಲ್ಲಿ ಅವರ ಜೀವನಚರಿತ್ರೆ ಬಂದ ಮೇಲೆಯೇ ಹೆಸರು ಓಡಾಡತೊಡಗಿದ್ದು. ಮರುವರ್ಷ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಂದು ನಕ್ಷತ್ರಕ್ಕೆ ಬಿಭಾ ಎಂದು ಹೆಸರಿಟ್ಟಿತು.

ಈಗ ಬ್ರಿಸ್ಟಲ್‌ಗೆ ಬರೋಣ. ಪೊವೆಲ್ ಲ್ಯಾಬಿನಲ್ಲಿ ಪ್ಲೇಟುಗಳನ್ನು ನೋಡುತ್ತಿದ್ದವರು ಹೆಚ್ಚಾಗಿ ಯುವತಿಯರು. ಅವರಿಗೆ ಸ್ಕ್ಯಾನರ್ ಎಂಬ ಹೆಸರು. ದಿನವಿಡೀ ಮೈಕ್ರೋಸ್ಕೋಪಿನ ಮುಂದೆ ಕೂತು, ಪ್ಲೇಟನ್ನು ಕೂದಲೆಳೆಯಷ್ಟು ಸರಿಸುತ್ತಾ, ಲೇಪದ ಮೇಲ್ಪದರದಿಂದ ತಳದವರೆಗೆ ಫೋಕಸ್ ಇಳಿಸುತ್ತಾ ಹುಡುಕಬೇಕು. ಹುಡುಕಬೇಕಾದ ಗೆರೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಪೈ ಮೆಸಾನ್ ನಿಂತ ಜಾಗದಿಂದ ಹೊರಡುವ ಮ್ಯೂಆನಿನ ಗೆರೆ ಹೆಚ್ಚುಕಮ್ಮಿ 0.6 ಮಿಲಿಮೀಟರ್. ಸಾವಿರಾರು ಗೆರೆಗಳ ನಡುವೆ ಒಂದು ಗೆರೆಯ ತುದಿಯಲ್ಲಿ ಇನ್ನೊಂದು ಶುರುವಾಗಿದೆ, ಇದು ಬೇರೆ ಬಗೆಯದು ಎಂದು ಹೊಳೆಯಬೇಕಾದರೆ ಬರೀ ಕಣ್ಣು ಸಾಲದು. ಯಾವುದು ಮಾಮೂಲಿ, ಯಾವುದು ಅಲ್ಲ ಎಂಬ ತಿಳಿವಳಿಕೆ ಬೇಕು.

ಆ ಮೊದಲ ಜೋಡಿ ಗೆರೆಯನ್ನು ನೋಡಿದವರು ಮರಿಯೆಟ್ಟಾ ಕುರ್ಜ್ ಎಂಬ ಸ್ಕ್ಯಾನರ್. ಅದರಲ್ಲಿ ಎರಡನೇ ಗೆರೆ ಲೇಪದಿಂದ ಹೊರಗೆ ಹೋಗಿಬಿಟ್ಟಿತ್ತು. ಕೆಲವೇ ದಿನಗಳಲ್ಲಿ ಐರಿನ್ ರಾಬರ್ಟ್ಸ್ ಪೂರ್ತಿ ಗೆರೆ ಇರುವ ಇನ್ನೊಂದನ್ನು ಹುಡುಕಿದರು. 1947ರ ಮೇನಲ್ಲಿ ನೇಚರ್‌ನಲ್ಲಿ ಬಂದ ಲೇಖನದ ಮೇಲೆ ನಾಲ್ಕು ಹೆಸರುಗಳಿವೆ: ಲಾಟೆಸ್, ಮ್ಯೂರ್‌ಹೆಡ್, ಒಕಿಯಾಲಿನಿ, ಪೊವೆಲ್. ನಾಲ್ವರೂ ಗಂಡಸರು. ಬ್ರಿಸ್ಟಲ್ ಲೇಖನಗಳಲ್ಲಿ ಒಂದು ಒಳ್ಳೆಯ ರೂಢಿಯಿತ್ತು. ಗೆರೆಯ ಫೋಟೋ ಕೆಳಗೆ ಅದನ್ನು ಕಂಡ ಮಹಿಳೆಯ ಹೆಸರು ಅಚ್ಚಾಗುತ್ತಿತ್ತು. ಪೊವೆಲ್‌ಗೆ ಆ ಮೆಚ್ಚುಗೆ ಸಲ್ಲಬೇಕು. ಆದರೆ ಲೇಖನದ ಮೇಲೆ ಇರುವ ಹೆಸರೇ ಉಲ್ಲೇಖವಾಗುತ್ತದೆ, ಹುದ್ದೆ ತರುತ್ತದೆ, ಪ್ರಶಸ್ತಿ ಸಮಿತಿಗೆ ತಲುಪುತ್ತದೆ. ಫೋಟೋದ ಕೆಳಗಿನ ಹೆಸರು ಆ ಪುಟದಲ್ಲೇ ಉಳಿಯುತ್ತದೆ.

ರೋಸ್‌ಮೇರಿ ಬ್ರೌನ್ ಸ್ಕ್ಯಾನರ್ ಅಲ್ಲ, ಭೌತವಿಜ್ಞಾನದಲ್ಲಿ ಫಸ್ಟ್ ಕ್ಲಾಸ್ ಪಡೆದ ಸಂಶೋಧನಾ ವಿದ್ಯಾರ್ಥಿನಿ. ಹಾಗಾಗಿ ಅವರ ಹೆಸರು ಲೇಖನದ ಮೇಲಿದೆ. ಹೆಸರುಗಳು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿದ್ದುದರಿಂದ ಮೊದಲನೆಯದಾಗಿಯೇ ಇದೆ. ಅವರು ಕಂಡ ಕಣ ಮೂರು ಪೈ ಮೆಸಾನ್‌ಗಳಾಗಿ ಒಡೆದಿತ್ತು. 1949ರಲ್ಲಿ ಅದೇ ಲ್ಯಾಬಿನ ಪೀಟರ್ ಫೌಲರ್ ಅವರನ್ನು ಮದುವೆಯಾದರು. ಪಿಎಚ್‌ಡಿ ಅರ್ಧಕ್ಕೆ ನಿಂತಿತು. ಮೂವರು ಹೆಣ್ಣುಮಕ್ಕಳನ್ನು ಬೆಳೆಸಿದರು. ಅದು ಅವರೇ ಯೋಚಿಸಿ ತೆಗೆದುಕೊಂಡ ತೀರ್ಮಾನ, ಯಾರೂ ತಳ್ಳಲಿಲ್ಲ. ಆದರೆ ಯುದ್ಧ ಮುಗಿದ ಆ ಬಡ ದಿನಗಳಲ್ಲಿ ಗಂಡ ಹೆಂಡಿರಲ್ಲಿ ಯಾರು ಲ್ಯಾಬಿನಲ್ಲಿ ಉಳಿಯಬೇಕು ಎಂಬ ಪ್ರಶ್ನೆ ಬಂದಾಗ ಉತ್ತರ ಏನಿರುತ್ತಿತ್ತು ಎಂದು ಎಲ್ಲರಿಗೂ ಗೊತ್ತು ಅಲ್ವಾ?

ಅವರು ಕಂಡ ಗೆರೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಮೂರು ಪೈ ಆಗಿ ಒಡೆಯುವ ಕಣ ಒಂದು, ಎರಡು ಪೈ ಆಗಿ ಒಡೆಯುವುದು ಇನ್ನೊಂದು, ಎರಡರ ತೂಕವೂ ಆಯಸ್ಸೂ ಒಂದೇ. ಇದು ಹೇಗೆ ಸಾಧ್ಯ? 1956ರಲ್ಲಿ ಲೀ ಮತ್ತು ಯಾಂಗ್ ಎಂಬ ಇಬ್ಬರು ಭೌತವಿಜ್ಞಾನಿಗಳು, ಎಡ ಬಲಗಳ ನಡುವೆ ಪ್ರಕೃತಿ ಭೇದ ಮಾಡುವುದಿಲ್ಲ ಎಂಬ ನಂಬಿಕೆಯನ್ನೇ ಪರೀಕ್ಷಿಸಬೇಕು ಎಂದರು. ಪರೀಕ್ಷಿಸಿದವರು ಚಿಯೆನ್-ಷಿಯುಂಗ್ ವೂ ಎಂಬ ಮಹಿಳೆ. ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹವನ್ನು ನಿರಪೇಕ್ಷ ಸೊನ್ನೆ ತಾಪದ (ಸುಮಾರು ಮೈನಸ್ 273 ಡಿಗ್ರಿ ಸೆಲ್ಸಿಯಸ್) ಹತ್ತಿರಕ್ಕೆ ತಣ್ಣಗೆ ಮಾಡಿ ನೋಡಿದರು, ಭೇದ ಇತ್ತು. 1957ರ ನೊಬೆಲ್ ಲೀ ಮತ್ತು ಯಾಂಗ್‌ಗೆ ಬಂತು, ವೂಗೆ ಇಲ್ಲ. ಒಂದೇ ಜಾಡಿನಲ್ಲಿ ಎರಡನೇ ನೊಬೆಲ್.

1950ರ ನೊಬೆಲ್‌ಗೆ ಬ್ಲಾವ್ ಮತ್ತು ವಾಂಬಾಖರ್ ಹೆಸರುಗಳನ್ನು ಹೆಸರಾಂತ ಭೌತವಿಜ್ಞಾನಿ ಎರ್ವಿನ್ ಷ್ರೋಡಿಂಗರ್ ಅವರೇ ಸೂಚಿಸಿದ್ದರು. ಸಮಿತಿಗೆ ಈ ಹೆಸರುಗಳು ಗೊತ್ತಿಲ್ಲದೆ ಇರಲಿಲ್ಲ. ಒಂದು ನೊಬೆಲನ್ನು ಮೂವರು ಹಂಚಿಕೊಳ್ಳುವುದು 1903ರಷ್ಟು ಹಿಂದೆಯೇ ಇತ್ತು. 1950ರಲ್ಲಿ ಎರಡು ಜಾಗ ಖಾಲಿ ಉಳಿದವು. ಬ್ಲಾವ್ 1960ರಲ್ಲಿ ವಿಯೆನ್ನಾಗೆ ಮರಳಿ ಮತ್ತೆ ಸಂಬಳವಿಲ್ಲದೆ ದುಡಿದರು, 1970ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಇದೆ. ಆ ನೊಬೆಲ್‌ನಿಂದ ಹೊರಗುಳಿದವರು ಹೆಂಗಸರಷ್ಟೇ ಅಲ್ಲ. 1947ರ ಲೇಖನದ ಮೊದಲ ಹೆಸರು ಬ್ರೆಜಿಲ್‌ನ ಲಾಟೆಸ್, ಅವರಿಗೂ ಸಿಗಲಿಲ್ಲ. ಒಕಿಯಾಲಿನಿಗೂ ಇಲ್ಲ, ದೇವೇಂದ್ರ ಮೋಹನ್ ಬೋಸ್‌ಗೂ ಇಲ್ಲ. ನಿಜ. ಲ್ಯಾಬಿನ ಮುಖ್ಯಸ್ಥರಿಗೆ ಕೊಡುವುದು, ಯುರೋಪಿನ ದೊಡ್ಡ ಲ್ಯಾಬುಗಳನ್ನೇ ನೋಡುವುದು ಆಗಿನ ಚಾಳಿ. ಆದರೆ ಲಾಟೆಸ್ ಬ್ರೆಜಿಲ್‌ನಲ್ಲಿ ರಾಷ್ಟ್ರನಾಯಕನಂತೆ ಮೆರೆದರು, ಬೋಸ್ ಸಂಸ್ಥೆಯೊಂದನ್ನು ದಶಕಗಳ ಕಾಲ ನಡೆಸಿದರು. ಗಂಡಸಿಗೆ ಒಂದು ಪ್ರಶಸ್ತಿ ತಪ್ಪಿದರೂ ಹುದ್ದೆ, ಶಿಷ್ಯರು, ಲ್ಯಾಬು ಇರುತ್ತಿದ್ದವು. ಹೆಸರನ್ನು ಮುಂದಕ್ಕೆ ಒಯ್ಯುವವರು ಅವರೇ. ವಿಯೆನ್ನಾದಲ್ಲಿ ಬ್ಲಾವ್‌ಗೆ ಸಂಬಳವೇ ಇರಲಿಲ್ಲ. ನೆಲೆ ಇಲ್ಲದವರ ಹೆಸರನ್ನು ಎತ್ತುವವರು ಯಾರು?

ಈ ಸಮಸ್ಯೆಯ ಬೇರು ಪ್ರಶಸ್ತಿಗಿಂತ ತುಂಬಾ ಹಿಂದೆ ಇದೆ ಎಂದು ನಾನು ಹೇಳುವುದು ಇದಕ್ಕೇ. ಬೆಂಗಳೂರಿನದೇ ಉದಾಹರಣೆ ನೋಡಿ. 1940ರಿಂದ ಅಣ್ಣಾ ಮಣಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಜ್ರ, ಮಾಣಿಕ್ಯಗಳ ಬೆಳಕಿನ ಮೇಲೆ ಕೆಲಸ ಮಾಡಿದರು. ಅವರದೂ ಫೋಟೋ ಪ್ಲೇಟಿನ ಕೆಲಸವೇ, ಒಂದೊಂದು ಪ್ಲೇಟಿಗೆ 15–20 ಗಂಟೆ ಬೆಳಕು ಹಿಡಿಯಬೇಕು. ಒಬ್ಬರೇ ಐದು ಲೇಖನ ಬರೆದರು, ಪ್ರಬಂಧ ಸಿದ್ಧಪಡಿಸಿದರು. ಎಂಎಸ್ಸಿ ಪದವಿ ಇಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಅವರು ಮುಂದೆ ಹವಾಮಾನ ಇಲಾಖೆಯಲ್ಲಿ ದೊಡ್ಡ ಹೆಸರು ಮಾಡಿದರು. ಆದರೆ ವಜ್ರದ ಕೆಲಸ ಅವರ ಹೆಸರಿನ ಜೊತೆ ಬೆಳೆಯಲಿಲ್ಲ. ಅದಕ್ಕೂ ಮುಂಚೆ, 1933ರಲ್ಲಿ, ಕಮಲಾ ಸೊಹೊನಿ ಅದೇ ಸಂಸ್ಥೆಗೆ ಸೇರಲು ರಾಮನ್ ಅವರೊಂದಿಗೇ ಹೋರಾಡಬೇಕಾಯಿತು.

ಇದೆಲ್ಲ ಹಳೆಯ ಕಥೆ, ಈಗ ಕಾಲ ಬದಲಾಗಿದೆ ಎನ್ನುವವರಿಗೆ ಕೆಲವು ಸಂಗತಿ. ಭೌತವಿಜ್ಞಾನದ ನೊಬೆಲ್ 1901ರಿಂದ 2025ರವರೆಗೆ ಐದೇ ಮಹಿಳೆಯರಿಗೆ ಬಂದಿದೆ. ಅವರಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್‌ಗೆ 2018ರಲ್ಲಿ ಪ್ರಶಸ್ತಿ ಘೋಷಣೆಯಾದಾಗ ಅವರ ಬಗ್ಗೆ ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಒಂದು ಪುಟವೂ ಇರಲಿಲ್ಲ. ಕೆಲವೇ ತಿಂಗಳ ಹಿಂದೆ ಯಾರೋ ಬರೆದು ಹಾಕಿದ್ದನ್ನು, ಪುಟಕ್ಕೆ ಬೇಕಾದಷ್ಟು ಆಧಾರವಿಲ್ಲ ಎಂದು ತಳ್ಳಿಹಾಕಿದ್ದರು. ನಮ್ಮ ದೇಶದ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ 2021ರಲ್ಲಿ 11 ಮಂದಿಗೆ, 2022ರ ಸಾಲಿಗೆ 12 ಮಂದಿಗೆ ಬಂತು. ಎರಡೂ ಪಟ್ಟಿಯಲ್ಲಿ ಒಬ್ಬ ಮಹಿಳೆಯೂ ಇಲ್ಲ.

ಹಾಗಾದರೆ ಏನು ಮಾಡಬಹುದು? ಹಳೆಯ ನೊಬೆಲ್ ಈಗ ಮರಳಿ ಬರುವುದಿಲ್ಲ. ಆದರೆ ಒಂದು ಬದಲಾವಣೆ ಈಗಾಗಲೇ ಶುರುವಾಗಿದೆ. ಹಲವು ಪತ್ರಿಕೆಗಳು ಲೇಖನದ ಕೊನೆಯಲ್ಲಿ ಯಾರು ಏನು ಮಾಡಿದರು ಎಂದು ಬರೆಯಲು ಕೇಳುತ್ತವೆ. ಯೋಚನೆ ಯಾರದು, ಪ್ರಯೋಗ ಯಾರದು, ಅಳತೆ ಯಾರದು. ಬ್ರಿಸ್ಟಲ್‌ನಲ್ಲಿ ಇದು ಇದ್ದಿದ್ದರೆ ಕುರ್ಜ್ ಮತ್ತು ರಾಬರ್ಟ್ಸ್ ಲೇಖನದ ಭಾಗವೇ ಆಗುತ್ತಿದ್ದರು. ನಮ್ಮ ಲ್ಯಾಬುಗಳಲ್ಲೂ ಇಂಥ ಕೆಲಸ ಮಾಡುವ ಪ್ರಾಜೆಕ್ಟ್ ಅಸಿಸ್ಟೆಂಟ್‌ಗಳಿದ್ದಾರೆ. ವರ್ಷದ ಗುತ್ತಿಗೆ, ಸಣ್ಣ ಸಂಬಳ. ಎಷ್ಟೋ ಸಲ ಅವರ ಹೆಸರು ಕೊನೆಯ ಕೃತಜ್ಞತೆಯ ಸಾಲಿಗೆ ಹೋಗುತ್ತದೆ. ಆ ಸಾಲಿನಿಂದ ಒಂದು ಹೆಸರನ್ನು ಲೇಖಕರ ಪಟ್ಟಿಗೆ ತರಲು ಯಾವ ಸಮಿತಿಯ ಅಪ್ಪಣೆಯೂ ಬೇಕಿಲ್ಲ. ಲೇಖನ ಬರೆಯುವವರು ಕಳಿಸುವ ಮೊದಲು ಯೋಚಿಸಿದರೆ ಸಾಕು.

ಪ್ರಶಸ್ತಿ ಕೊಡುವವರಿಂದಲೂ ಒಂದನ್ನು ಕೇಳಬೇಕು. ನೊಬೆಲ್ ಸಮಿತಿ 50 ವರ್ಷ ಕಳೆದ ಮೇಲೆ ಯಾರು ಯಾರ ಹೆಸರು ಸೂಚಿಸಿದ್ದರು ಎಂದು ಬಹಿರಂಗ ಮಾಡುತ್ತದೆ. ಷ್ರೋಡಿಂಗರ್ ಸೂಚನೆ ನಮಗೆ ಗೊತ್ತಾಗಿದ್ದು ಹಾಗೆಯೇ. ನಮ್ಮ ವಿಜ್ಞಾನ ಪ್ರಶಸ್ತಿಗಳಿಗೆ ಪ್ರತಿವರ್ಷ ಎಷ್ಟು ಮಹಿಳೆಯರ ಹೆಸರು ಬಂತು, ಯಾವ ಸಂಸ್ಥೆ ಒಂದು ಹೆಸರನ್ನೂ ಕಳಿಸಲಿಲ್ಲ ಎಂಬ ಅಂಕಿಅಂಶವನ್ನಾದರೂ ಆ ವರ್ಷವೇ ಹೊರಗೆ ಹಾಕಲಿ. ಹೆಸರುಗಳೇ ಬರಲಿಲ್ಲವೋ, ಬಂದು ಬಿದ್ದುಹೋದವೋ ಎಂದು ಗೊತ್ತಾದರೆ ಸರಿಪಡಿಸಬೇಕಾದ ಜಾಗ ಯಾವುದು ಎಂದೂ ಗೊತ್ತಾಗುತ್ತದೆ.